ಕಣಕ ನೆನೆಯುವ ಹೊತ್ತು

ಯುಗಾದಿಯ ದಿನ ಬೆಳಗಿನ ಏಳು ಗಂಟೆಗೆಲ್ಲ ಬನಶಂಕರಿಯ ನಮ್ಮ ಮನೆಯಲ್ಲಿ ಹೋಳಿಗೆಯ ಕಣಕ ಸಿದ್ಧವಾಗಿತ್ತು. ಚಿರೋಟಿ ರವೆ, ಅದಕ್ಕೊಂದು ಹಿಡಿ ಮೈದಾ, ಚಿಟಿಕೆ ಅರಿಸಿನ, ಮೇಲೆ ಧಾರಾಳವಾಗಿ ಎಣ್ಣೆ. ತಾಯಿಯವರು ಅದನ್ನು ಚೆನ್ನಾಗಿ ಮಿದಿದು, ಎಣ್ಣೆಯಲ್ಲಿ ಮುಳುಗಿಸಿ, ತಟ್ಟೆ ಮುಚ್ಚಿಟ್ಟು, ಹತ್ತು ಗಂಟೆಯವರೆಗೆ ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದರು. ಎಂಟು ವರ್ಷದ ನನ್ನ ಮಗಳಿಗೆ ಈ ಮೂರು ಗಂಟೆಗಳ ನಿಷೇಧ ಸಹಿಸಲಾಗಲಿಲ್ಲ.

“ಯಾಕಜ್ಜಿ, ಈಗಲೇ ತಟ್ಟಿದರೆ ಏನಾಗುತ್ತೆ?”

“ಕಣಕ ಇನ್ನೂ ನೆನೆಯಬೇಕು ಮಗು.”

“ಯಾರನ್ನ ನೆನೆಯಬೇಕು?”

ಅಡುಗೆಮನೆಯಲ್ಲಿ ನಗೆಯೆದ್ದಿತು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಮಾತ್ರ ನಗುವುದನ್ನು ಅರ್ಧಕ್ಕೆ ಬಿಟ್ಟು ನಿಘಂಟಿನ ಕಡೆಗೆ ಹೋದೆನು. ಕಸುಬಿನ ಚಟ ಹಬ್ಬದ ದಿನವೂ ಬಿಡದು. ಒದ್ದೆಯಾಗುವ ‘ನೆನೆ’ ಬೇರೆ, ಸ್ಮರಿಸುವ ‘ನೆನೆ’ ಬೇರೆ. ಹಿಂದೆ ಮೊದಲನೆಯದಕ್ಕೆ ‘ನನೆ’ ಎಂಬ ರೂಪವಿತ್ತು. ಕಾಲಕ್ರಮದಲ್ಲಿ ಎರಡು ಧಾತುಗಳೂ ಒಂದೇ ಉಡುಪು ತೊಟ್ಟವು. ವ್ಯಾಕರಣದ ದೃಷ್ಟಿಯಿಂದ ಮಗಳ ಪ್ರಶ್ನೆ ತಪ್ಪು. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಅದು ಅಂಥ ತಪ್ಪೇನಲ್ಲವೆಂದು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಹಬ್ಬದ ಮರುದಿನ ನನಗೆ ಹೇಳಿದಾಗ, ನಗುವ ಸರದಿ ಮಗಳದಾಯಿತು. ಕಣಕಕ್ಕೆ ನೆನಪು ಉಂಟಂತೆ! ಕೆಲವು ಗಂಟೆಗಳ ಹಿಂದೆ ಅದನ್ನು ಯಾರು ಹೇಗೆ ಮಿದಿದರು, ಆಮೇಲೆ ಎಷ್ಟು ಹೊತ್ತು ಸುಮ್ಮನೆ ಬಿಟ್ಟರು ಎಂಬುದನ್ನು ಅದು ತನ್ನೊಳಗೆ ಇಟ್ಟುಕೊಂಡಿರುತ್ತದೆಯಂತೆ.

ಹಿಟ್ಟು, ಮಣ್ಣು, ಗಂಜಿ, ಗಂಧ, ಗಾರೆ, ಲೇಹ್ಯ, ಮದರಂಗಿ, ಹಲ್ಲುಜ್ಜುವ ಪೇಸ್ಟು, ಗೋಡೆಗೆ ಬಳಿಯುವ ಬಣ್ಣ, ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಇವನ್ನು ಘನವೆನ್ನೋಣವೆ, ದ್ರವವೆನ್ನೋಣವೆ? ಹಲ್ಲುಜ್ಜುವ ಪೇಸ್ಟು ಕುಂಚದ ಮೇಲೆ ಕಲ್ಲಿನಂತೆ ಕುಳಿತಿರುತ್ತದೆ. ಕೊಳವೆಯನ್ನು ಒತ್ತಿದರೆ ಹೊಳೆಯಂತೆ ಹರಿದುಬರುತ್ತದೆ. ನೀರಿಗಾದರೋ ಈ ಸಂಕೋಚವಿಲ್ಲ. ಪಾತ್ರೆ ಕೂದಲೆಳೆಯಷ್ಟು ವಾಲಿದರೂ ಹರಿದೇ ಹರಿಯುತ್ತದೆ. ಮುದ್ದೆಯ ಕುಲದವು ಹಾಗಲ್ಲ. ಒಂದು ಮಿತಿಯವರೆಗೆ ಒತ್ತಡವನ್ನು ತಡೆದುಕೊಂಡು, ಮಿತಿ ದಾಟಿದೊಡನೆ ಮಣಿದು ಹರಿಯತೊಡಗುತ್ತವೆ. ಈ ಮಿತಿಗೆ ಮಣಿಯುವ ಒತ್ತಡವೆಂದು ಹೆಸರಿಡಬಹುದು. ಯೂಜೀನ್ ಬಿಂಗ್‌ಹ್ಯಾಮ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞನು ತನ್ನ ಸಹೋದ್ಯೋಗಿಯೊಡನೆ ಗೋಡೆಯ ಬಣ್ಣವನ್ನು ಪರೀಕ್ಷಿಸಿ, ಅದು ಕೇವಲ ಗಟ್ಟಿಯಾದ ದ್ರವವಲ್ಲ, ಬೇರೆಯೇ ಒಂದು ಜಾತಿಯೆಂದು 1919ರಲ್ಲಿ ಸಾರಿದನು. ಬಣ್ಣಕ್ಕೆ ಈ ಗುಣವಿಲ್ಲದೆ ಹೋಗಿದ್ದರೆ ನಮ್ಮ ಗೋಡೆಗಳ ಬಣ್ಣವೆಲ್ಲ ಒಣಗುವ ಮೊದಲೇ ನೆಲಕ್ಕಿಳಿದಿರುತ್ತಿತ್ತು. ಇಂಥ ವಸ್ತುಗಳ ಹರಿವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ರಿಯಾಲಜಿ ಎಂಬ ಹೆಸರು ಬಂದದ್ದೂ ಆತನ ಬಳಗದಿಂದಲೇ. ಹರಿಯುವುದೆಂಬ ಅರ್ಥದ ಗ್ರೀಕ್ ಮಾತಿನಿಂದ ಆ ಹೆಸರು ಹುಟ್ಟಿತು. 1929ರಲ್ಲಿ ಅದಕ್ಕೊಂದು ಸಂಘವೂ ಸ್ಥಾಪಿತವಾಯಿತು.

ಈ ಶಾಸ್ತ್ರಕ್ಕೆ ನಮ್ಮ ಹೆಂಗಸರು ಹಿಂದಿನಿಂದಲೂ ಎರಡೇ ಅಕ್ಷರದ ಹೆಸರೊಂದನ್ನು ಇಟ್ಟುಕೊಂಡಿದ್ದಾರೆ: ಹದ. ಹಳಗನ್ನಡದ ‘ಪದ’ವೇ ಹಾಲಾದ ಪಾಲಿನಂತೆ, ಹೂವಾದ ಪೂವಿನಂತೆ, ‘ಹದ’ವಾಯಿತು. ಪಾಕಕ್ಕೆ ಹದ, ಮಣ್ಣಿಗೆ ಹದ, ತೊಗಲಿಗೆ ಹದ, ಉಳುವ ಹೊಲಕ್ಕೆ ಮಳೆಯ ಹದ. ಗಟ್ಟಿ ತೆಳುವುಗಳ ಅಳತೆಯೊಂದೇ ಆಗಿದ್ದರೆ ಈ ಮಾತಿಗೆ ಇಷ್ಟು ಸೊಗಸು ಬರುತ್ತಿರಲಿಲ್ಲ. ಅದರಲ್ಲಿ ಕಾಲವೂ ಸೇರಿದೆ. ‘ಹದ ಬಂತು’ ಎನ್ನುತ್ತೇವೆ, ‘ಹದ ಮೀರಿತು’ ಎನ್ನುತ್ತೇವೆ. ಹದವು ಬಂದು ಹೋಗುವ ಅತಿಥಿ. ನಿಂತ ಕಾಲ ಮೇಲೆ ಕಾದು ಅದನ್ನು ಹಿಡಿಯಬೇಕು.

ಕಣಕದೊಳಗೆ ನಡೆಯುವುದೇನು? ಗೋದಿಗೆ ನೀರು ಬಿದ್ದೊಡನೆ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಮಿದಿದಷ್ಟೂ ಬಲೆ ಬಿಗಿಯುತ್ತದೆ. ಆಗತಾನೆ ಮಿದಿದ ಕಣಕವನ್ನು ತಟ್ಟಲು ಹೋದರೆ ಅದು ರಬ್ಬರಿನಂತೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಹೂರಣ ಹರಿದು ಹೊರಗೆ ಇಣುಕುತ್ತದೆ. ಕೈಯ ಒತ್ತಡದ ನೆನಪು ಅದರಲ್ಲಿ ಇನ್ನೂ ಹಸಿಯಾಗಿರುವುದೇ ಇದಕ್ಕೆ ಕಾರಣ. ಎರಡು ಮೂರು ಗಂಟೆ ಬಿಟ್ಟರೆ ರವೆಯ ಕಣಕಣಕ್ಕೂ ನೀರು ಇಳಿದು, ಎಳೆದು ನಿಂತ ಎಳೆಗಳು ಒಂದೊಂದಾಗಿ ಸಡಿಲಗೊಂಡು, ಒಳಗಿನ ಸೆಳೆತ ಕರಗಿಹೋಗುತ್ತದೆ. ಆಗ ಬೆರಳು ಒತ್ತಿದ ಕಡೆಗೆ ಕಣಕ ಹೋಗುತ್ತದೆ, ಹೋದಲ್ಲಿಯೇ ನಿಲ್ಲುತ್ತದೆ. ಅಂದರೆ ನಾವು ನೆನೆಯಲೆಂದು ಬಿಟ್ಟ ಹೊತ್ತಿನಲ್ಲಿ ಕಣಕ ಮಾಡುವುದು ಮರೆಯುವ ಕೆಲಸ! ಭಾಷೆಯ ತಮಾಷೆ ಇಲ್ಲಿಗೆ ಪೂರ್ಣವಾಯಿತು.

ಎಲ್ಲ ಮುದ್ದೆಗಳೂ ಕಾಲ ಕಳೆದಂತೆ ಮೆತ್ತಗಾಗುತ್ತವೆಂದು ತಿಳಿಯಬಾರದು. ಹೆಚ್ಚಿನವು ಇದಕ್ಕೆ ವಿರುದ್ಧ. ನಮ್ಮ ಊರಿನ ಇನ್ನೊಂದು ತುದಿಯಲ್ಲಿ, ಸದಾಶಿವನಗರದಲ್ಲಿ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಿದೆ. ಅಲ್ಲಿನ ವಿಜ್ಞಾನಿಗಳು ಜೇಡಿಯ ಕಣಗಳನ್ನು ನೀರಿನಲ್ಲಿ ಕದಡಿ, ಅದಕ್ಕೆ ಹೇಗೆ ವಯಸ್ಸಾಗುತ್ತದೆಂಬುದನ್ನು ಅಭ್ಯಸಿಸುತ್ತಾರೆ. ವಯಸ್ಸೆಂಬ ಮಾತು ನನ್ನ ಅಲಂಕಾರವಲ್ಲ, ಅವರ ಶಾಸ್ತ್ರದ್ದೇ. ಲ್ಯಾಪೊನೈಟ್ ಎಂಬ ಕೃತಕ ಜೇಡಿಯ ಕಣವೊಂದು ಬಿಲ್ಲೆಯಾಕಾರದ್ದು. ಅದರ ದಪ್ಪ ಒಂದು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅಗಲ ಅದರ ಇಪ್ಪತ್ತೈದು ಮೂವತ್ತು ಪಟ್ಟು. ನೂರು ಪಾಲು ನೀರಿಗೆ ಮೂರು ಪಾಲಿನಷ್ಟು ಬೆರೆಸಿದರೆ ಮೊದಲಿಗೆ ನೀರಿನಂತೆಯೇ ಹರಿಯುವ ತಿಳಿದ್ರವ. ಯಾರೂ ಮುಟ್ಟದೆ ಬಿಟ್ಟರೆ, ಬಿಲ್ಲೆಗಳ ಮೇಲಿನ ವಿದ್ಯುದಂಶಗಳು ಒಂದನ್ನೊಂದು ಸೆಳೆದೂ ತಳ್ಳಿಯೂ ಕಣಗಳನ್ನು ಹಿಡಿದು ನಿಲ್ಲಿಸುತ್ತ ಹೋಗಿ, ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಪಾತ್ರೆ ಬೋರಲು ಹಾಕಿದರೂ ಬೀಳದ ಲೋಳೆಯಾಗುತ್ತದೆ. ಬಲವಾಗಿ ಕಲಕಿದರೆ ಮತ್ತೆ ಹರಿಯುತ್ತದೆ. ಹೋದ ಯೌವನ ಬಹುಮಟ್ಟಿಗೆ ಮರಳಿ ಬರುತ್ತದೆ. ಬಿಟ್ಟರೆ ಪುನಃ ಮುಪ್ಪು. ಮನುಷ್ಯರಿಗೆ ಈ ಸೌಲಭ್ಯವಿಲ್ಲದ ಬಗ್ಗೆ ನಮ್ಮ ಕವಿಗಳು ಸಾಕಷ್ಟು ಬರೆದಿರುವುದರಿಂದ ನಾನು ಮುಂದೆ ಹೋಗುತ್ತೇನೆ.

ಈ ವಿಷಯ ನನ್ನನ್ನು ಹಿಡಿದುಕೊಂಡುದಕ್ಕೆ ಹೋಳಿಗೆಯಷ್ಟೇ ಕಾರಣವಲ್ಲ.

ಒಂದೂವರೆ ವರ್ಷದ ಹಿಂದೆ ನಮ್ಮ ತಂದೆಯವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಲ್ಪ ಸ್ವಲ್ಪವಾಗಿ ಸ್ವಾಧೀನಕ್ಕೆ ಬಂದಿತು, ಮಾತು ತೊದಲಾಗಿಯಾದರೂ ಮರಳಿತು. ಆದರೆ ನೀರು ಕುಡಿಯುವುದು ಅಪಾಯವಾಯಿತು. ಒಂದು ಲೋಟ ನೀರು! ಆಸ್ಪತ್ರೆಯಲ್ಲಿ ನುಂಗುವಿಕೆಯ ಚಿಕಿತ್ಸೆಯನ್ನು ಬಲ್ಲ ತರುಣಿಯೊಬ್ಬರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಅವರು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವರು. 1965ರಲ್ಲಿ ಆರಂಭವಾದ ಆ ಸಂಸ್ಥೆ ಮಾತು ಕೇಳ್ಮೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಗಂಟಲಿನಲ್ಲಿ ಅನ್ನದ ದಾರಿ, ಉಸಿರಿನ ದಾರಿ ಎರಡೂ ಒಂದೆಡೆ ಕೂಡುತ್ತವೆ. ತುತ್ತು ಬಂದಾಗ ಉಸಿರಿನ ಬಾಗಿಲು ಮುಚ್ಚಿಕೊಳ್ಳಬೇಕು. ಒಂದು ಸೆಕೆಂಡಿನೊಳಗೆ ಮುಗಿದುಹೋಗುವ ಈ ಕೆಲಸವನ್ನು ನಾವು ದಿನಕ್ಕೆ ನೂರಾರು ಸಲ ಅರಿವಿಲ್ಲದೆ ಮಾಡುತ್ತೇವೆ. ಲಕ್ವದ ಬಳಿಕ ಬಾಗಿಲು ಮುಚ್ಚುವುದು ಕೊಂಚ ತಡವಾದರೆ, ನೀರು ಅಷ್ಟರೊಳಗೆ ಓಡಿಹೋಗಿ ಶ್ವಾಸಕೋಶವನ್ನು ಸೇರುತ್ತದೆ, ಅಲ್ಲಿಂದ ನ್ಯುಮೋನಿಯ. ಗಟ್ಟಿಯಾದ ತುತ್ತಾದರೆ ದುರ್ಬಲವಾದ ನಾಲಿಗೆ ಅದನ್ನು ಪೂರ್ತಿ ದೂಡಲಾರದೆ ಗಂಟಲಲ್ಲಿ ಉಳಿಸಿಬಿಡುತ್ತದೆ. ಇವೆರಡರ ನಡುವೆ, ನಾಲಿಗೆ ಒತ್ತಿದರೆ ಹರಿಯುವ, ಬಿಟ್ಟರೆ ನಿಲ್ಲುವ ಪದಾರ್ಥ ಬೇಕು. ಸಾವಕಾಶವಾಗಿ ಸಾಗಿ, ಬಾಗಿಲು ಮುಚ್ಚಲು ಬಿಡುವು ಕೊಡುವಂಥದು ಬೇಕು.

“ಅಂದರೆ ಹದ ನೋಡಿ ಕೊಡಬೇಕು ಅನ್ನಿ,” ಎಂದರು ತಾಯಿಯವರು. ಆಕೆ ನಕ್ಕು, ಹೌದೆಂದರು.

ಈ ಹದಕ್ಕೊಂದು ಅಂತರರಾಷ್ಟ್ರೀಯ ಅಳತೆಯಿದೆ. ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲು. ನೀರು ಸೊನ್ನೆ; ನಾವು ನೀವು ಉಣ್ಣುವ ಊಟ ಏಳು. ಕುಡಿಯುವ ಪದಾರ್ಥಗಳನ್ನು ಅಳೆಯಲು ಬೇಕಾದ ಯಂತ್ರವೆಂದರೆ ಸೂಜಿಯಿಲ್ಲದ ಹತ್ತು ಮಿಲಿಲೀಟರಿನ ಒಂದು ಸಿರಿಂಜು. ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿ, ಹತ್ತರ ಗೆರೆಯವರೆಗೆ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡು ಎಣಿಸಿ ಮತ್ತೆ ಮುಚ್ಚಬೇಕು. ಏನೂ ಉಳಿಯದಿದ್ದರೆ ಸೊನ್ನೆ. ಒಂದರಿಂದ ನಾಲ್ಕು ಮಿಲಿಲೀಟರ್ ಉಳಿದರೆ ಒಂದನೆಯ ಮೆಟ್ಟಿಲು. ನಾಲ್ಕರಿಂದ ಎಂಟು, ಎರಡನೆಯದು. ಎಂಟಕ್ಕಿಂತ ಹೆಚ್ಚು ಉಳಿದು ಸ್ವಲ್ಪ ಮಾತ್ರ ಇಳಿದರೆ ಮೂರನೆಯದು. ಹನಿಯೂ ಇಳಿಯದಿದ್ದರೆ ನಾಲ್ಕು. ನಾಲ್ಕನೆಯದನ್ನು ಚಮಚದಲ್ಲಿ ನೋಡಬೇಕು: ಚಮಚದ ಮೇಲೆ ಆಕಾರ ಕೆಡದೆ ನಿಂತಿರಬೇಕು, ಚಮಚವನ್ನು ಓರೆಮಾಡಿದರೆ ಅಂಟಿಕೊಳ್ಳದೆ ಒಟ್ಟಿಗೆ ಜಾರಿ ಬೀಳಬೇಕು. ನಮ್ಮ ತಂದೆಯವರ ಗಂಜಿಗೆ ಮೂರು, ಉಳಿದ ಆಹಾರಕ್ಕೆ ನಾಲ್ಕು ಎಂದು ಗೊತ್ತುಮಾಡಿಕೊಟ್ಟರು. ಇದು ರೋಗಿಯಿಂದ ರೋಗಿಗೆ ಬೇರೆಯಾಗುವ ಲೆಕ್ಕ. ಇದನ್ನೋದಿ ಯಾರೂ ತಮ್ಮ ಮನೆಯಲ್ಲಿ ತಾವೇ ನಿರ್ಧರಿಸತಕ್ಕದ್ದಲ್ಲ.

ನಾನು ಸಿರಿಂಜನ್ನೂ ಗಡಿಯಾರವನ್ನೂ ಹಿಡಿದು ಅಡುಗೆಮನೆಯ ವಿಜ್ಞಾನಿಯಾದೆನು. ತಾಯಿಯವರು ಸೌಟನ್ನೆತ್ತಿ ಗಂಜಿ ಬೀಳುವ ಧಾರೆಯನ್ನು ನೋಡುತ್ತಿದ್ದರು. ಮೊದಲ ವಾರ ಇಬ್ಬರ ಅಭಿಪ್ರಾಯಗಳೂ ಕೂಡಲಿಲ್ಲ. ಎರಡನೆಯ ವಾರದಿಂದ ಅವರು ಸೌಟಿನಲ್ಲಿ ಹೇಳಿದ್ದನ್ನೇ ನನ್ನ ಸಿರಿಂಜು ಹೇಳತೊಡಗಿತು. ಸಿರಿಂಜು ಸುಧಾರಿಸಿರಬೇಕು.

ಆದರೆ ಗಂಜಿಯೊಡನೆ ಕಾದಾಡುವುದೆಂದರೆ ಕಾಲದೊಡನೆ ಕಾದಾಡುವುದೆಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಲೆಯ ಮೇಲೆ ಹಿಟ್ಟಿನ ಪಿಷ್ಟದ ಕಾಳುಗಳು ನೀರು ಹೀರಿ ಉಬ್ಬಿ ಗಂಜಿ ದಪ್ಪವಾಗುತ್ತದೆ. ಇಳಿಸಿದ ಮೇಲೆ ಆರುತ್ತ ಆರುತ್ತ, ಕಾಳುಗಳಿಂದ ಹೊರಬಂದ ಪಿಷ್ಟದ ಎಳೆಗಳು ಒಂದರ ಪಕ್ಕಕ್ಕೊಂದು ಸೇರಿ ಕಟ್ಟಿಕೊಳ್ಳುತ್ತವೆ. ಎಂಟು ಗಂಟೆಗೆ ಮೂರನೆಯ ಮೆಟ್ಟಿಲಲ್ಲಿದ್ದ ಗಂಜಿ ಎಂಟೂ ಮುಕ್ಕಾಲಿಗೆ ನಾಲ್ಕನ್ನು ಹತ್ತಿ ಕುಳಿತಿರುತ್ತದೆ. ತಂದೆಯವರಿಗೆ ಒಂದು ಬಟ್ಟಲು ಮುಗಿಸಲು ಮುಕ್ಕಾಲು ಗಂಟೆ ಬೇಕು. ಆದುದರಿಂದ ಎರಡು ಬಟ್ಟಲುಗಳು. ಒಂದು ಅವರ ಮುಂದೆ, ಇನ್ನೊಂದು ಬಿಸಿನೀರಿನ ಪಾತ್ರೆಯೊಳಗೆ.

ಇದಕ್ಕೆ ವಿರುದ್ಧವಾದ ಸಂಕಟವೂ ಉಂಟು. ನಮ್ಮ ಎಂಜಲಿನಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವವಿದೆ. ಬಾಯಿಗಿಟ್ಟ ಚಮಚವನ್ನೇ ಮತ್ತೆ ಮತ್ತೆ ಬಟ್ಟಲಿಗೆ ಅದ್ದಿದರೆ ಗಂಜಿ ನೋಡನೋಡುತ್ತ ನೀರಾಗುತ್ತದೆ. ಮಕ್ಕಳು ಅರ್ಧ ತಿಂದು ಬಿಟ್ಟ ಗಂಜಿ ತಳದಲ್ಲಿ ನೀರು ನೀರಾಗಿರುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಎಂಜಲು ಮುಸುರೆಗಳ ವಿಚಾರದಲ್ಲಿ ತಾಯಿಯವರೊಡನೆ ಇಪ್ಪತ್ತು ವರ್ಷಗಳಿಂದ ವಾದ ಮಾಡುತ್ತ ಬಂದಿದ್ದ ನಾನು ಈ ಒಂದು ಅಂಶದಲ್ಲಿ ಶರಣಾಗಬೇಕಾಯಿತು. ತಂದೆಯವರ ಚಮಚವೀಗ ಬಟ್ಟಲಿಗೆ ಮರಳುವುದಿಲ್ಲ. ಬಡಿಸಲು ಬೇರೆ ಚಮಚ.

ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದವನು ನಾನೇ. ಪುಷ್ಟಿಯಾಗಲೆಂಬ ಆಸೆಯಿಂದ ಒಂದು ಸಂಜೆ ಜಯನಗರದ ನಾಲ್ಕನೆಯ ಬ್ಲಾಕಿನಿಂದ ಮೊಳಕೆ ಕಟ್ಟಿದ ರಾಗಿಯ ಹಿಟ್ಟು ತಂದೆನು. ಮರುದಿನ ತಾಯಿಯವರು ದೇವಸ್ಥಾನಕ್ಕೆ ಹೋಗಿದ್ದರು. ದಿನದ ಅಳತೆಯ ಹಿಟ್ಟು, ದಿನದ ಅಳತೆಯ ನೀರು. ಅಳತೆ ಅದೇ ಆದಮೇಲೆ ಹದವೂ ಅದೇ ಅಲ್ಲವೆ ಎಂದುಕೊಂಡು ಸಿರಿಂಜನ್ನು ಮುಟ್ಟಲಿಲ್ಲ. ಎರಡನೆಯ ಚಮಚಕ್ಕೆ ತಂದೆಯವರ ಕಣ್ಣುಗಳು ಅಗಲವಾದವು, ಕೆಮ್ಮು ಹತ್ತಿತು, ಮುಖ ಕೆಂಪಾಗಿ ಆಮೇಲೆ ಕಪ್ಪಿಟ್ಟಿತು. ಬೆನ್ನು ಬಾಗಿಸಿ ಹಿಡಿದು ನಿಂತ ಆ ಎರಡು ನಿಮಿಷಗಳು ನನಗೆ ಎಷ್ಟು ದೀರ್ಘವಾಗಿದ್ದವೆಂಬುದನ್ನು ಬರೆಯಲಾರೆ. ಉಸಿರು ನೆಟ್ಟಗಾಯಿತು. ಮೂರು ದಿನ ಜ್ವರ ಬರುವುದೇ ಎಂದು ಕಾದೆವು, ಬರಲಿಲ್ಲ.

ಆಮೇಲೆ ತಿಳಿದುಕೊಂಡೆನು. ರಾಗಿ ಮೊಳೆಯುವಾಗ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು ಚಿಗುರಿಗೆ ಉಣಿಸಲೆಂದು ಅದೇ ಅಮೈಲೇಸನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಂಥ ಹಿಟ್ಟನ್ನು ಒಲೆಗಿಟ್ಟರೆ, ಕುದಿದು ಕಿಣ್ವ ನಾಶವಾಗುವ ಮೊದಲು, ಬೆಚ್ಚಗಾಗುವ ಹೊತ್ತಿನಲ್ಲೇ ಅದು ತನ್ನ ಕತ್ತರಿ ಆಡಿಸಿ ಮುಗಿಸಿರುತ್ತದೆ. ಅಷ್ಟೇ ಹಿಟ್ಟು, ಅಷ್ಟೇ ನೀರು. ಗಂಜಿ ಮಾತ್ರ ತೆಳು. ಹಸುಗೂಸುಗಳಿಗೆ ಇದು ವರವೇ ಸರಿ. ಪುಟ್ಟ ಹೊಟ್ಟೆಗೆ ತೆಳ್ಳನೆಯ ಗಂಜಿಯಲ್ಲಿಯೇ ಹೆಚ್ಚು ಹಿಟ್ಟು ಸೇರಿಸಿ ಉಣಿಸಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮೊಳಕೆ ರಾಗಿಯನ್ನು ಕುರಿತು ಸಂಶೋಧನೆ ನಡೆದದ್ದಕ್ಕೆ ಈ ಗುಣವೂ ಒಂದು ಕಾರಣ. ಮೊಮ್ಮಗಳಿಗೆ ಅಮೃತವಾಗಿದ್ದುದು ಅಜ್ಜನಿಗೆ ಗಂಡಾಂತರವಾಗುತ್ತದೆಂದು ಹಿಟ್ಟಿನ ಚೀಲದ ಮೇಲೆ ಬರೆದಿರುವುದಿಲ್ಲ. ತಾಯಿಯವರು ಮನೆಗೆ ಬಂದು ವಿಷಯ ಕೇಳಿ ನನ್ನನ್ನು ಬೈಯಲಿಲ್ಲ. ಪಾತ್ರೆಯಲ್ಲಿ ಉಳಿದಿದ್ದ ಗಂಜಿಯನ್ನು ಸೌಟಿನಿಂದ ಎತ್ತಿ ಬಿಟ್ಟು, “ನೋಡಿದ್ದರೆ ತಿಳೀತಿತ್ತು,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬಿಂಗ್‌ಹ್ಯಾಮನ ಜೊತೆಗಾರ ಮಾರ್ಕಸ್ ರೈನರ್ ಎಂಬ ವಿಜ್ಞಾನಿಯು 1964ರಲ್ಲಿ ಒಂದು ಸೊಗಸಾದ ಮಾತನ್ನು ಮುಂದಿಟ್ಟನು. ಯೆಹೂದ್ಯರ ಧರ್ಮಗ್ರಂಥದಲ್ಲಿ ಡೆಬೊರಾ ಎಂಬ ಪ್ರವಾದಿನಿಯ ಹಾಡೊಂದಿದೆ. ಅದರಲ್ಲಿ ದೇವರ ಮುಂದೆ ಬೆಟ್ಟಗಳು ಹರಿದವೆಂಬ ಭಾವ ಬರುತ್ತದೆಯೆಂದು ರೈನರನ ವಿವರಣೆ. ದೇವರ ಕಣ್ಣಿನ ಅವಧಿ ಅನಂತ. ಅಷ್ಟು ಹೊತ್ತು ನೋಡುತ್ತ ಕುಳಿತರೆ ಬೆಟ್ಟವೂ ಹರಿಯುವುದು ಕಾಣುತ್ತದೆ. ಮನುಷ್ಯನು ಅಷ್ಟು ಹೊತ್ತು ನೋಡಲಾರನಾದ್ದರಿಂದ ಅವನಿಗದು ಘನ. ವಸ್ತುವು ಒಳಗೆ ಸಡಿಲಗೊಳ್ಳಲು ತೆಗೆದುಕೊಳ್ಳುವ ಕಾಲವನ್ನು ನಾವು ನೋಡುವ ಕಾಲದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಆತನು ಡೆಬೊರಾಳ ಹೆಸರನ್ನಿಟ್ಟನು. ಸಂಖ್ಯೆ ಚಿಕ್ಕದಾದರೆ ದ್ರವ, ದೊಡ್ಡದಾದರೆ ಘನ. ಮಣಿಯುವ ಒತ್ತಡವೆಂಬುದೇ ಒಂದು ಭ್ರಮೆ, ಕಾದು ನೋಡುವ ತಾಳ್ಮೆಯಿದ್ದರೆ ಎಲ್ಲವೂ ಹರಿಯುತ್ತದೆಯೆಂದು 1985ರಲ್ಲಿ ಬಾರ್ನ್ಸ್ ಮತ್ತು ವಾಲ್ಟರ್ಸ್ ಎಂಬಿಬ್ಬರು ವಾದ ಹೂಡಿದರು. ಆ ಚರ್ಚೆ ಬಹಳ ಕಾಲ ನಡೆಯಿತು. ನನಗೆ ಅದರಲ್ಲಿ ತೀರ್ಪು ಹೇಳುವ ಅಧಿಕಾರವಿಲ್ಲ. ಆದರೆ ನಮ್ಮ ಮನೆಯ ಲೆಕ್ಕದಲ್ಲಿ ನೋಡುವ ಕಾಲವೆಂದರೆ ಒಂದು ಸೆಕೆಂಡಿಗಿಂತ ಕಡಮೆ, ತಂದೆಯವರ ಗಂಟಲು ಬಾಗಿಲು ಮುಚ್ಚಿಕೊಳ್ಳಲು ತೆಗೆದುಕೊಳ್ಳುವ ಹೊತ್ತು. ಅಷ್ಟರಲ್ಲಿ ಗಂಜಿ ಎಷ್ಟು ಹರಿಯಿತು ಎಂಬುದೇ ಪ್ರಶ್ನೆ.

ಯುಗಾದಿಯ ದಿನಕ್ಕೆ ಮರಳುತ್ತೇನೆ. ಹೋಳಿಗೆಯೆಂದರೆ ಪ್ರಾಣವಾಗಿದ್ದ ತಂದೆಯವರು ಹಿಂದಿನ ವರ್ಷ ಎಲೆಯ ಮುಂದೆ ಕೂರಲಿಲ್ಲ. ವಾಸನೆ ಬರದಂತೆ ಬಾಗಿಲು ಹಾಕಿಕೊಂಡು ಕೋಣೆಯಲ್ಲಿಯೇ ಇದ್ದರು. ಈ ವರ್ಷ ತಾಯಿಯವರು ಚಿಕಿತ್ಸಕಿಯನ್ನು ಮುಂಚಿತವಾಗಿಯೇ ಕೇಳಿ ಇಟ್ಟುಕೊಂಡಿದ್ದರು. ಕಣಕ ಆಗದು, ನಾಲ್ಕನೆಯ ಮೆಟ್ಟಿಲಿಗೆ ಬಂದರೆ ಹೂರಣ ಆಗಬಹುದು, ನಿಧಾನವಾಗಿ, ಕೂತುಕೊಂಡು.

ಬೇಳೆಯ ಹೂರಣವನ್ನು ಅವರು ಎರಡು ಸಲ ರುಬ್ಬಿ, ಕಾಳಿನ ಚೂರು ಉಳಿಯದಂತೆ ಬಟ್ಟೆಯಲ್ಲಿ ಸೋಸಿದರು. ಅದು ಚಮಚಕ್ಕೆ ಅಂಟಿಕೊಂಡಿತು, ಓರೆಮಾಡಿದರೂ ಬೀಳಲಿಲ್ಲ. ಎರಡು ಚಮಚ ಬಿಸಿಹಾಲು ಹಾಕಿ ಕೂಡಿಸಿದರು. ಇನ್ನೂ ಅಂಟು. ಇನ್ನೊಂದು ಚಮಚ ಹಾಲು. ಈಗ ತೆಳುವಾಯಿತೇನೋ ಎಂದು ನಾನೆಂದೆ. “ಆರಲಿ, ಕಟ್ಟುತ್ತೆ,” ಎಂದು ಅದನ್ನು ಗಾಳಿಗಿಟ್ಟು, ಕಣಕದ ತಟ್ಟೆ ತೆಗೆದು ಬೆರಳಿನಿಂದ ಒತ್ತಿ ನೋಡಿದರು. ಬೆರಳಿನ ಗುರುತು ಹಾಗೆಯೇ ನಿಂತಿತು. ಮಗಳಿಗೆ ಮುಟ್ಟಲು ಅಪ್ಪಣೆಯಾಯಿತು.

ಕಾಲು ಗಂಟೆಯ ಮೇಲೆ ತಾಯಿಯವರು ಹೂರಣದ ಚಮಚವನ್ನೆತ್ತಿ ಓರೆಮಾಡಿದರು. ಒಂದು ಕ್ಷಣ ನಿಂತು, ಆಮೇಲೆ ಒಟ್ಟಾಗಿ ಜಾರಿ ಬಟ್ಟಲಿಗೆ ಬಿದ್ದಿತು. ನಾನು ಸಿರಿಂಜಿನ ಮಾತೆತ್ತಲಿಲ್ಲ.

ತಂದೆಯವರು ನೆಟ್ಟಗೆ ಕುಳಿತು, ಗಲ್ಲವನ್ನು ಎದೆಯ ಕಡೆಗೆ ತಗ್ಗಿಸಿ, ಕಲಿಸಿಕೊಟ್ಟಂತೆ ನುಂಗಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆವು. ಕೆಮ್ಮು ಬರಲಿಲ್ಲ. ಎರಡನೆಯ ಚಮಚ, ಮೂರನೆಯ ಚಮಚ. ನಾಲ್ಕನೆಯದಕ್ಕೆ ಮೊದಲು ಕೈಯೆತ್ತಿ ತಡೆದರು. ಏನಾಯಿತೆಂದು ನನ್ನ ಎದೆ ಹಾರಿತು.

“ಏಲಕ್ಕಿ... ಸಾಲದು,” ಎಂದರು.

ತಾಯಿಯವರು ಏಲಕ್ಕಿಯ ಡಬ್ಬಿ ತರಲು ಒಳಕ್ಕೆ ಹೋದರು.